ಹಚ್ಚೆ ಅಳಿಸುವ ಎಚ್‌ಡಿ

"ಅಲ್ರಿ ಸರ, ಹಳೇ ಕ್ಯಾಸೆಟ್ಟಿನ ಪಿಚ್ಚರ್ ತಂದು ಬ್ಲೂರೇ ಡಿಸ್ಕಿಗೆ ಹಾಕ್ತೀನಿ ಅಂತೀರಲ್ಲ, ಹರಕ ಚೀಲಕ್ಕ ಜರಿ ಅಂಚು ಹಚ್ಚಿದಂಗ ಆಗಂಗಿಲ್ಲೇನ್ರಿ?"

ರಾಯಚೂರಿನ ತೀನ್ ಕಂದೀಲ್ ಹತ್ತಿರ ಚಹಾ ಕುಡಿಯುತ್ತ ನಿಂತಾಗ ಮದುವೆ ಶೂಟಿಂಗ್ ಮಾಡುವ ಹುಡುಗನೊಬ್ಬ ಕೇಳಿದ ಮಾತಿದು. ಹೀಯಾಳಿಸಲು ಕೇಳಿದ್ದಲ್ಲ. ಅವನು ಕೆಲಸ ಬಲ್ಲವನು, ಬೆಳಕು ನೋಡುವ ಕಣ್ಣಿರುವವನು. ಬಲ್ಲವನ ಬಾಯಲ್ಲೇ ಈ ಮಾತು ಬಂತಲ್ಲ ಎಂದು ನನಗೆ ನೋವಾಯಿತು. ಅಂದಿನಿಂದ ಕಿವಿಗೊಟ್ಟು ಕೇಳುತ್ತ ಬಂದಿದ್ದೇನೆ. ಮಾನವಿಯ ಸ್ಟುಡಿಯೊದವರೂ ಇದನ್ನೇ ಹೇಳುತ್ತಾರೆ, ದೇವದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟವರೂ ಇದನ್ನೇ ಹೇಳುತ್ತಾರೆ, ಸಿನಿಮಾದ ಮೇಲೆ ಗಂಭೀರವಾಗಿ ಬರೆಯುವವರೂ ಸ್ವಲ್ಪ ನಯವಾಗಿ ಇದನ್ನೇ ಬರೆಯುತ್ತಾರೆ. ಎಸ್‌ಡಿ, ಅಂದರೆ ಹಳೆಯ ಟಿವಿ ಅಳತೆಯ ವಿಡಿಯೊದಲ್ಲಿ ತೆಗೆದ ಸಿನಿಮಾಕ್ಕೆ ಎಚ್‌ಡಿ ಡಿಸ್ಕು ದಂಡ, ಇರುವುದನ್ನು ಹಿಗ್ಗಿಸಿದರೆ ಬರುವುದು ಮಸುಕೇ ಹೊರತು ಚಿತ್ರವಲ್ಲ, ಹಾಕಲೇಬೇಕೆಂದಿದ್ದರೆ ಮೊದಲು ಎಐಗೆ ಕೊಟ್ಟು 'ಎಚ್‌ಡಿ ಮಾಡಿಸಿ' ಆಮೇಲೆ ಹಾಕಿ, ಎಂದು.

ದಂಡ ಎನ್ನುವವರೂ ಎಐಗೆ ಕೊಡಿ ಎನ್ನುವವರೂ ಬೇರೆ ಬೇರೆ ಗುಂಪಿನವರ ಹಾಗೆ ಕಾಣುತ್ತಾರೆ. ಅಲ್ಲ. ಚಿತ್ರದ ಬೆಲೆ ಎಂದರೆ ಅದರಲ್ಲಿರುವ ಚುಕ್ಕಿಗಳ ಲೆಕ್ಕ ಎಂದು ಇಬ್ಬರೂ ನಂಬಿದ್ದಾರೆ. ಈ ನಂಬಿಕೆ ತಪ್ಪು. ಬೇರೆ ಊರಲ್ಲಿ ಇದು ಬರೀ ರುಚಿಯ ಮಾತಾಗಿರಬಹುದು. ನಮ್ಮ ರಾಯಚೂರು ಜಿಲ್ಲೆಯಲ್ಲಿ ಇದರಿಂದ ನಮ್ಮ ಜನರ ಮುಖಗಳೇ ಕಳೆದುಹೋಗುತ್ತಿವೆ.

ಎದುರಾಳಿಗಳ ಬಲವೆಲ್ಲ ಲೆಕ್ಕದಲ್ಲಿದೆ, ಆದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ. ನಮ್ಮ ದೇಶದಲ್ಲಿ ನಡೆದುಬಂದ ಪಾಲ್ ಪದ್ಧತಿಯ ಟಿವಿ ಚಿತ್ರದಲ್ಲಿ ಕಣ್ಣಿಗೆ ಕಾಣುವ ಸಾಲುಗಳು 576. ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಒಂದೊಂದು ಸಾಲಿಗೆ 720 ಚುಕ್ಕಿ. ಒಟ್ಟು 4,14,720. ಫುಲ್ ಎಚ್‌ಡಿಯಲ್ಲಿ ಸಾಲಿಗೆ 1,920ರಂತೆ 1,080 ಸಾಲು, ಒಟ್ಟು 20,73,600. ಸರಿಯಾಗಿ ಐದು ಪಟ್ಟು. ಐದರಲ್ಲಿ ಒಂದು ಪಾಲು ಮಾತ್ರ ಇರುವ ಚಿತ್ರಕ್ಕೆ ಐದು ಪಾಲಿನ ಡಿಸ್ಕು ಯಾಕೆ ಎಂದು ಅವರು ಕೇಳುತ್ತಾರೆ.

ನಾನು ತಿರುಗಿ ಕೇಳುತ್ತೇನೆ: ಆ ಒಂದು ಪಾಲನ್ನಾದರೂ ನೀವು ಯಾವತ್ತಾದರೂ ನೋಡಿದ್ದೀರಾ?

2004ರಲ್ಲಿ ನಾವು ಏಳೆಂಟು ಮಂದಿ ಗೆಳೆಯರು ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆಯ ಹಳ್ಳಿಯೊಂದರಲ್ಲಿ ಎರಡು ತಾಸಿನ ಸಿನಿಮಾ ತೆಗೆದೆವು. ಸೋನಿ ಪಿಡಿ170 ಕ್ಯಾಮೆರಾವನ್ನು ಮದುವೆ ಶೂಟಿಂಗಿನವರಿಂದ ದಿನಬಾಡಿಗೆಗೆ ತಂದಿದ್ದೆವು. ಲಗ್ನದ ಮುಹೂರ್ತವಿದ್ದ ದಿನ ಕ್ಯಾಮೆರಾ ವಾಪಸ್ ಕೊಡಬೇಕು, ಆವತ್ತು ನಮಗೆ ರಜೆ. ತೆಗೆದದ್ದು 18 ಕ್ಯಾಸೆಟ್. ಕೈಯಲ್ಲಿ ದುಡ್ಡಿಲ್ಲದ್ದರಿಂದ ಎರಡು ವಿಸಿಡಿಗಳ ಸೆಟ್ ಮಾಡಿ ಜಾತ್ರೆಗಳಲ್ಲಿ, ಸಂತೆಗಳಲ್ಲಿ ಮಾರಿದೆವು. ಜನ ನೋಡಿದ್ದು ಆ ವಿಸಿಡಿಯನ್ನು. ಇವತ್ತು 'ಆ ಕಾಲದ ವಿಡಿಯೊ ಚೆನ್ನಾಗಿರಲಿಲ್ಲ' ಎನ್ನುವವರ ಕಣ್ಣಲ್ಲಿ ಉಳಿದಿರುವುದೂ ಅದೇ.

ವಿಸಿಡಿಯಲ್ಲಿ ಸಾಲಿಗೆ 352 ಚುಕ್ಕಿಯಂತೆ 288 ಸಾಲು. ಅಂದರೆ ಕ್ಯಾಸೆಟ್ಟಿನಲ್ಲಿದ್ದುದರ ಕಾಲುಭಾಗ. ಕ್ಯಾಸೆಟ್ಟು ಸೆಕೆಂಡಿಗೆ 25 ಮೆಗಾಬಿಟ್ ಬರೆದಿಡುತ್ತಿತ್ತು, ವಿಸಿಡಿಗೆ ಸಿಕ್ಕಿದ್ದು ಸುಮಾರು 1.15. ಇನ್ನೊಂದು ನಷ್ಟವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಕಾಲದ ವಿಡಿಯೊ ಒಂದು ಸೆಕೆಂಡಿನಲ್ಲಿ 50 ಬೇರೆ ಬೇರೆ ಗಳಿಗೆಗಳನ್ನು ಹಿಡಿಯುತ್ತಿತ್ತು. ಒಂದು ಸಲ ಬೆಸ ಸಾಲು, ಮರುಸಲ ಸಮ ಸಾಲು, ಹೀಗೆ ಅರ್ಧರ್ಧ ಚಿತ್ರ. ವಿಸಿಡಿ ಅದರಲ್ಲಿ ಅರ್ಧವನ್ನು ಎತ್ತಿ ಬಿಸಾಕಿ 25 ಗಳಿಗೆಗಳನ್ನು ಉಳಿಸಿಕೊಂಡಿತು.

ಬಿಸಾಕಿದ್ದು ಏನನ್ನು ಎಂದು ನನಗೆ ಗೊತ್ತಾದದ್ದು ಇಪ್ಪತ್ತು ವರ್ಷಗಳ ಮೇಲೆ. ನಮ್ಮ ಸಿನಿಮಾದಲ್ಲಿ ಮೊಹರಂ ಕತಲ್ ರಾತ್ರಿಯ ದೃಶ್ಯವೊಂದಿದೆ. ನಮ್ಮ ಕಡೆ ಪೀರಲ ದೇವರು ಎಲ್ಲ ಜಾತಿಯವರ ದೇವರು, ಅಲಾಯಿ ಕುಣಿಯ ಸುತ್ತ ಯಾರು ಬೇಕಾದರೂ ಹೆಜ್ಜೆ ಹಾಕುತ್ತಾರೆ. ದೃಶ್ಯಕ್ಕೆ ಬೇರೆ ಲೈಟು ಇರಲಿಲ್ಲ, ಕುಣಿಯ ಬೆಂಕಿಯೇ ಬೆಳಕು. ವಿಸಿಡಿಯಲ್ಲಿ ಆ ಬೆಂಕಿ ಕಿತ್ತಳೆ ಬಣ್ಣದ ಚೌಕಗಳ ರಾಶಿ. ಕುಣಿಯುವವರ ಕಾಲು ಕೆಸರಲ್ಲಿ ಹೂತಂತೆ ತಡೆತಡೆದು ಏಳುತ್ತವೆ. ಹೋದ ವರ್ಷ ಅದೇ ಕ್ಯಾಸೆಟ್ಟನ್ನು ಫೈರ್‌ವೈರ್ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಇಳಿಸಿ, 50 ಗಳಿಗೆಗಳನ್ನೂ ಉಳಿಸಿಕೊಂಡು ನೋಡಿದೆ. ಒಬ್ಬ ಮುದುಕ ಕುಣಿಗೆ ಕೊರಡು ಎಸೆಯುತ್ತಾನೆ. ಕಿಡಿಗಳು ಏಳುತ್ತವೆ, ಒಂದೊಂದೂ ಬೇರೆ ಬೇರೆಯಾಗಿ. ಒಂದು ಕಿಡಿ ಹಲಗಿ ಬಾರಿಸುವವನ ಮುಂಗೈ ಮೇಲೆ ಬೀಳುತ್ತದೆ, ಅವನು ಬಾರಿಸುವುದನ್ನು ಬಿಡದೆ ಕೈ ಕೊಡವುತ್ತಾನೆ. ಆ ಕೊಡವುವಿಕೆ ವಿಸಿಡಿಯಲ್ಲಿ ಇಲ್ಲವೇ ಇಲ್ಲ. ಸಿನಿಮಾ ತೆಗೆದ ನಾನೇ ಅದನ್ನು ಇಪ್ಪತ್ತು ವರ್ಷ ನೋಡಿರಲಿಲ್ಲ.

ಈಗ ಹೇಳಿ, ದೊಡ್ಡ ಡಿಸ್ಕು ಯಾಕೆ ಎಂದು. ಮಿನಿ ಡಿವಿಯ ಒಂದು ತಾಸು ಸುಮಾರು 13 ಜಿಬಿ ಆಗುತ್ತದೆ. ಎರಡು ತಾಸಿನ ಸಿನಿಮಾ 26. ಸಾಮಾನ್ಯ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. ಅಂದರೆ ಡಿವಿಡಿಗೆ ಹಾಕಿದರೂ ಹಿಂಡಿ ಹಿಪ್ಪೆ ಮಾಡಬೇಕು. ಬ್ಲೂರೇ ಒಂದು ಪದರದ್ದು 25, ಎರಡು ಪದರದ್ದು 50 ಜಿಬಿ. ಹಿಂಡದೆ, ಉಸಿರಾಡಲು ಜಾಗ ಬಿಟ್ಟು ಕೂರಿಸಬಹುದಾದ ಮೊದಲ ಡಿಸ್ಕು ಇದು. ಬ್ಲೂರೇ ನಿಯಮದಲ್ಲಿ 576 ಸಾಲಿನ ವಿಡಿಯೊವನ್ನು ಹಿಗ್ಗಿಸದೆ ಹಾಕಲು ಅವಕಾಶವಿದೆ. ಸೆಕೆಂಡಿಗೆ 50 ಚಿತ್ರದ 720 ಸಾಲಿನ ಎಚ್‌ಡಿಗೂ ಅವಕಾಶವಿದೆ. ಹಳೆಯ ವಿಡಿಯೊದ ಓಟವನ್ನು ಒಂದು ಹೆಜ್ಜೆಯೂ ತಪ್ಪದಂತೆ ತೋರಿಸಲು ಅದು ಹೇಳಿ ಮಾಡಿಸಿದ ಅಳತೆ. ಚಿಕ್ಕ ಚಿತ್ರ ಎಂಬ ಕಾರಣಕ್ಕೇ ದೊಡ್ಡ ಪಾತ್ರೆ ಬೇಕು. ಹತ್ತು ಸೇರು ಜೋಳ ಇದ್ದವನ ಚೀಲದಿಂದ ಒಂದು ಸೇರು ಚೆಲ್ಲಿದರೆ ನಡೆದೀತು, ಒಂದೇ ಸೇರು ಇದ್ದವನು ಒಂದು ಕಾಳನ್ನೂ ಚೆಲ್ಲಬಾರದು.

"ಫಿಲ್ಮಿನ ಮಾತು ಬೇರೆ" ಎನ್ನುತ್ತಾರೆ. ನಿಜ, ಬೇರೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಶುದ್ಧಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದ್ದೇ. ಫಿಲ್ಮಿನ ರೀಲಿನೊಳಗೆ ಅಂದಿನ ಪ್ರಿಂಟು ತೋರಿಸದ ವಿವರವೂ ಅಡಗಿರುತ್ತದೆ. ಹೊಸ ಸ್ಕ್ಯಾನರ್ ಬಂದ ಹಾಗೆಲ್ಲ ಹೊಸದಾಗಿ ತೆಗೆಯಬಹುದು. ವಿಡಿಯೊದಲ್ಲಿ ಇದ್ದಷ್ಟೇ ಇರುವುದು, ಯಾವ ಸ್ಕ್ಯಾನರೂ ಹೆಚ್ಚು ಕೊಡಲಾರದು. ಇಲ್ಲಿಯ ತನಕ ಅವರ ಮಾತು ಸರಿ. ಆದರೆ ಇದರಿಂದ ಅವರು 'ಆದ್ದರಿಂದ ವಿಡಿಯೊವನ್ನು ಬಿಡಿ' ಎಂಬಲ್ಲಿಗೆ ಹಾರುತ್ತಾರೆ. ನಾನು 'ಆದ್ದರಿಂದ ವಿಡಿಯೊದ ಕಡೆ ಮೊದಲು ಓಡಿ' ಎನ್ನುತ್ತೇನೆ. ಎರಡನೇ ಅವಕಾಶ ಇಲ್ಲದ್ದು ಅದಕ್ಕೇ.

ಇನ್ನು 'ಅದು ಸಿನಿಮಾನೇ ಅಲ್ಲ, ವಿಡಿಯೊ' ಎಂಬ ತಾತ್ಸಾರ. ಇದಕ್ಕೆ ಉತ್ತರ ಲೋಕದ ತುಂಬ ಇದೆ. ಡೆನ್ಮಾರ್ಕಿನ ಥಾಮಸ್ ವಿಂಟರ್‌ಬರ್ಗ್ 'ಫೆಸ್ಟನ್' ಚಿತ್ರವನ್ನು ಮನೆಮಂದಿ ಹುಟ್ಟುಹಬ್ಬಕ್ಕೆ ಬಳಸುವಂಥ ಪುಟ್ಟ ಹ್ಯಾಂಡಿಕ್ಯಾಮಿನಲ್ಲಿ ತೆಗೆದು 1998ರ ಕಾನ್ ಉತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಪಡೆದರು. ಡ್ಯಾನಿ ಬಾಯ್ಲ್ ಅವರ '28 ಡೇಸ್ ಲೇಟರ್' 2002ರಲ್ಲಿ ಬಂತು. ಹೆಚ್ಚಿನ ಭಾಗ ಕ್ಯಾನನ್ ಎಕ್ಸ್‌ಎಲ್1 ಎಂಬ ಮಿನಿ ಡಿವಿ ಕ್ಯಾಮೆರಾದ್ದು, ನಮ್ಮಲ್ಲಿದ್ದಂಥದೇ 576 ಸಾಲು. ನಸುಕಿನಲ್ಲಿ ಲಂಡನ್ನಿನ ಬೀದಿಯನ್ನು ಕೆಲವೇ ನಿಮಿಷ ಖಾಲಿ ಮಾಡಿಸಿ, ಚಿಕ್ಕ ಕ್ಯಾಮೆರಾಗಳನ್ನು ಹಲವು ಕಡೆ ಒಟ್ಟಿಗೇ ನಿಲ್ಲಿಸಿ ತೆಗೆದರು. ದೊಡ್ಡ ಕ್ಯಾಮೆರಾ ಹಿಡಿದು ಕೂತಿದ್ದರೆ ಆ ದೃಶ್ಯ ಆಗುತ್ತಿರಲಿಲ್ಲ. ಡೇವಿಡ್ ಲಿಂಚ್ 'ಇನ್‌ಲ್ಯಾಂಡ್ ಎಂಪೈರ್' ತೆಗೆದದ್ದು ಪಿಡಿ150ರಲ್ಲಿ, ನಮ್ಮ ಪಿಡಿ170ರ ಅಣ್ಣ ಅದು. ಈ ಮೂರೂ ಇವತ್ತು ಬ್ಲೂರೇಯಲ್ಲಿವೆ. ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮ್ಮ ನಾಡಿನಲ್ಲೇ ಪಿ.ಎನ್. ರಾಮಚಂದ್ರ ಅವರು ಡಿಜಿಟಲ್ ವಿಡಿಯೊದಲ್ಲಿ ತೆಗೆದ ತುಳು ಚಿತ್ರ 'ಸುದ್ದ' 2006ರಲ್ಲಿ ದೆಹಲಿಯ ಓಸಿಯಾನ್ ಉತ್ಸವದಲ್ಲಿ ಅತ್ಯುತ್ತಮ ಭಾರತೀಯ ಚಿತ್ರವಾಯಿತು. ತೀರ್ಪುಗಾರರು ಚುಕ್ಕಿ ಎಣಿಸುತ್ತ ಕೂತಿರಲಿಲ್ಲ.

ನಮ್ಮ ಜಿಲ್ಲೆಗೆ ವಿಡಿಯೊ ಎಂದರೆ ಕೀಳು ಎಂಬ ಮಾತು ಇನ್ನೂ ಹೆಚ್ಚು ಅನ್ಯಾಯ. ಟಿವಿ ನಮ್ಮ ಕಡೆಗೆ ಬೆಂಗಳೂರಿಗಿಂತ ಮೊದಲು ಬಂತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಟಿವಿ ಪ್ರಯೋಗಕ್ಕೆ ಆರು ರಾಜ್ಯಗಳ 2,400 ಹಳ್ಳಿಗಳನ್ನು ಆರಿಸಿದಾಗ ಕರ್ನಾಟಕದಿಂದ ಆಯ್ಕೆಯಾದದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಆದರೆ ಫಿಲ್ಮು? 35 ಎಂಎಂ ರೀಲು ಕೊಳ್ಳುವ ತಾಕತ್ತು ದೇವದುರ್ಗದಲ್ಲಿ ಯಾರಿಗಿತ್ತು? ಮಾನವಿಯ ಬದುಕನ್ನು ತೆಗೆಯಲು ಮದ್ರಾಸಿನಿಂದ ಯಾರು ಬರುತ್ತಿದ್ದರು? ನಮ್ಮ ಬಯಲಾಟ, ನಮ್ಮ ತತ್ವಪದ, ಕಾಲುವೆ ಗದ್ದೆಯಲ್ಲಿ ಸಾಲಾಗಿ ಬಗ್ಗಿ ಸಸಿ ಹಚ್ಚುವ ಹೆಣ್ಣುಮಕ್ಕಳು, ಕಂಪನಿ ನಾಟಕದ ರಂಗಸಜ್ಜಿಕೆ, ಅಲ್ಲೊಂದು ಇಲ್ಲೊಂದು ಗೆಳೆಯರು ಕೂಡಿ ತೆಗೆದ ಪೂರ್ಣ ಸಿನಿಮಾ, ಎಲ್ಲ ಇರುವುದು ವಿಎಚ್‌ಎಸ್, ಹೈ8, ಮಿನಿ ಡಿವಿ ಕ್ಯಾಸೆಟ್ಟುಗಳಲ್ಲಿ. ಪುಣೆಯ ಫಿಲ್ಮ್ ಭಂಡಾರದಲ್ಲಿ ನಮ್ಮ ಪಾಲಿನ ಡಬ್ಬಿ ಇದ್ದೀತು ಎಂದು ನಾವು ಕಾಯುವಂತಿಲ್ಲ. 'ಎಸ್‌ಡಿ ಬೇಡ' ಎಂದು ನಮ್ಮವರ ಬಾಯಲ್ಲಿ ಬಂದರೆ ಅದಕ್ಕೆ 'ನಾವು ಬೇಡ' ಎಂದೇ ಅರ್ಥ.

ಎರಡನೇ ಗುಂಪಿನವರ ವಿಷಯಕ್ಕೆ ಬರುತ್ತೇನೆ. ಇವರು ಬೇಡ ಎನ್ನುವುದಿಲ್ಲ, 'ಸುಧಾರಿಸಿ ಕೊಡ್ತೀವಿ' ಎನ್ನುತ್ತಾರೆ. ಇವರ ಕೆಲಸವೇ ನನಗೆ ಹೆಚ್ಚು ಅಂಜಿಕೆ ತರುತ್ತದೆ.

ನಮ್ಮ ಸಿನಿಮಾದಲ್ಲಿ ತಾಯಿಯ ಪಾತ್ರ ಮಾಡಿದವರು ಆ ಹಳ್ಳಿಯ ಕೂಲಿ ಹೆಣ್ಣುಮಗಳು. ಹಂಗಾಮು ಬಂದಾಗ ಮಾನವಿ ಕಡೆ ಸಸಿ ಹಚ್ಚಲು ಹೋಗುತ್ತಿದ್ದವರು. ನಟನೆ ಎಂಬ ಮಾತು ಅವರಿಗೆ ಗೊತ್ತಿರಲಿಲ್ಲ, ಹೇಳಿದ್ದನ್ನು ತಮ್ಮ ಮಾತಿಗೆ ತಿರುಗಿಸಿಕೊಂಡು ಹೇಳುತ್ತಿದ್ದರು. ಗದ್ದದ ಮೇಲೆ ಹಸಿರು ಹಚ್ಚೆಯ ಮೂರು ಬೊಟ್ಟು, ಹುಬ್ಬಿನ ನಡುವೆ ಒಂದು. ಕೆನ್ನೆ ತುಂಬ ಮೈಲಿ ಎದ್ದು ಹೋದ ಕಲೆ. ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಹೋದ ವರ್ಷ ಅವರ ಮೊಮ್ಮಗ ಫೋನ್ ಮಾಡಿದ. "ಸರ, ನಮ್ಮ ಆಯಿ ನಿಮ್ಮ ಪಿಚ್ಚರ್ನಾಗ ಅದಾಳಲ್ರಿ. ವಿಸಿಡಿ ಕೊಟ್ಟು ಎಐನಾಗ ಫೋರ್‌ಕೆ ಮಾಡ್ಸೀನ್ರಿ. ಫೋಟೊ ಹಾಕ್ಸಿದ್ರ ನಮ್ಮವ್ವ ಒಲ್ಲೆ ಅಂತಾಳ್ರಿ."

ನೋಡಲು ಹೋದೆ. ದೊಡ್ಡ ಚೌಕಟ್ಟಿನ ಫೋಟೊ, ಗೋಡೆಗೆ ಆನಿಸಿ ಇಟ್ಟಿದ್ದರು. ಮುಖ ಕನ್ನಡಿಯ ಹಾಗೆ ನುಣುಪು. ಮೈಲಿ ಕಲೆ ಒಂದೂ ಇಲ್ಲ. ಎಲೆ ಅಡಿಕೆ ತಿಂದು ಕೆಂಪಾದ ಹಲ್ಲು ಸಾಲು ಹಿಡಿದು ಬೆಳ್ಳಗಾಗಿವೆ. ಮೂಗುತಿ ಕರಗಿ ನೆರಳಾಗಿದೆ. ಗದ್ದ ಸ್ವಚ್ಛ, ಒಂದು ಬೊಟ್ಟೂ ಇಲ್ಲ. ಮಗಳು, ಅಂದರೆ ಹುಡುಗನ ತಾಯಿ, ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು: "ಇಕಿ ಯಾರ್ರಿ?"

ಯಂತ್ರ ಮಾಡಿದ್ದು ಇಷ್ಟೆ. ವಿಸಿಡಿಯ ಮಸುಕಿನಲ್ಲಿ ಆ ಬೊಟ್ಟುಗಳು ಕೊಳೆಯ ಹಾಗೆ ಕಂಡವು, ಒರೆಸಿತು. ಇಲ್ಲದ್ದನ್ನು ತುಂಬಬೇಕಾದಾಗ ತಾನು ಕಲಿತ ಮುಖಗಳಿಂದ ತಂದು ತುಂಬಿತು. ಆ ಮುಖಗಳಲ್ಲಿ ದೇವದುರ್ಗದ ಹೊಲದಲ್ಲಿ ದುಡಿದು ಬಾಡಿದ ಮುಖ ಎಷ್ಟಿದ್ದಾವು? ಕ್ಯಾಸೆಟ್ಟಿನ ಚಿತ್ರವನ್ನೇ ಫುಲ್ ಎಚ್‌ಡಿಗೆ ಏರಿಸಿದರೂ ಐದು ಚುಕ್ಕಿಗಳಲ್ಲಿ ನಾಲ್ಕು ಯಂತ್ರದ ಊಹೆ. ವಿಸಿಡಿಯಿಂದ ಏರಿಸಿದರೆ ಇಪ್ಪತ್ತರಲ್ಲಿ ಹತ್ತೊಂಬತ್ತು ಊಹೆ. ಸುತ್ತಲಿನ ಚುಕ್ಕಿಗಳ ಸರಾಸರಿ ಹಿಡಿದು ಸುಮ್ಮನೆ ದೊಡ್ಡದು ಮಾಡುವುದು ಬೇರೆ, ಅದು ಹೊಸ ಮಾತು ಹೇಳುವುದಿಲ್ಲ, ಇದ್ದ ಮಾತನ್ನೇ ದೊಡ್ಡ ದನಿಯಲ್ಲಿ ಹೇಳುತ್ತದೆ. ಮುಖವನ್ನು ಹೊಸದಾಗಿ ಬರೆಯುವುದು ಬೇರೆ. ಈ ಎರಡನ್ನೂ 'ಎಚ್‌ಡಿ ಮಾಡುವುದು' ಎಂಬ ಒಂದೇ ಮಾತಿನಲ್ಲಿ ಕಟ್ಟಿ ಮಾರುತ್ತಿದ್ದಾರೆ.

ಲಿಂಚ್ ಕೂಡ ಎಐ ಬಳಸಲಿಲ್ಲವೇ ಎಂದು ಕೇಳುವವರಿದ್ದಾರೆ. ಬಳಸಿದರು. ಆದರೆ ಹೇಗೆ? 'ಇನ್‌ಲ್ಯಾಂಡ್ ಎಂಪೈರ್' ಅನ್ನು 2023ರ ಡಿಸ್ಕಿಗೆ ಸಿದ್ಧಪಡಿಸುವಾಗ, ಹಿಂದೆ ಎಚ್‌ಡಿಗೆ ಹಿಗ್ಗಿಸಿದ್ದ ಪ್ರತಿಯನ್ನು ಮೊದಲು ಮತ್ತೆ ಎಸ್‌ಡಿಗೆ ಇಳಿಸಿದರು, ಹಿಗ್ಗಿಸುವಾಗ ಸೇರಿಕೊಂಡಿದ್ದ ಸುಳ್ಳು ವಿವರ ಉದುರಿಹೋಗಲಿ ಎಂದು. ಆಮೇಲೆ ಏರಿಸಿದರು. ಚಿತ್ರ ತೆಗೆದವರೇ ಮುಂದೆ ನಿಂತು ಒಪ್ಪಿದ ಕೆಲಸ ಅದು. ನಮ್ಮ ಆ ಹೆಣ್ಣುಮಗಳ ಮುಖಕ್ಕೆ ಯಾರು ಒಪ್ಪಿಗೆ ಕೊಟ್ಟರು?

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ದೊಡ್ಡ ಪಾಠವಿದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಶಾಸನವನ್ನು ಕಂಡರು. ಅದುವರೆಗೆ ದೇವಾನಾಂಪ್ರಿಯ ಎಂಬ ಬಿರುದಿನಿಂದ ಮಾತ್ರ ತಿಳಿದಿದ್ದ ದೊರೆ ಅಶೋಕನೇ ಎಂದು ಅದರಿಂದ ಗಟ್ಟಿಯಾಯಿತು. ಆ ಶಾಸನದ ಅಕ್ಷರಗಳು ಎಷ್ಟೋ ಕಡೆ ಸವೆದಿವೆ. ಯಾರಾದರೂ ಉಳಿ ಹಿಡಿದು ಹೋಗಿ 'ಸ್ಪಷ್ಟ ಮಾಡ್ತೀನಿ' ಎಂದು ಕೆತ್ತಿದರೆ ಮಸ್ಕಿಯ ಜನ ಬಿಟ್ಟಾರೆಯೇ? ಸವೆದ ಅಕ್ಷರವನ್ನು ಸವೆದದ್ದೆಂದೇ ಓದುತ್ತೇವೆ, ಊಹಿಸಿದ್ದನ್ನು ಊಹೆ ಎಂದೇ ಬರೆಯುತ್ತೇವೆ. ಕಲ್ಲಿಗೆ ಕೊಟ್ಟ ಮರ್ಯಾದೆ ಮುಖಕ್ಕೆ ಬೇಡವೇ?

'ಯೂಟ್ಯೂಬಿಗೆ ಹಾಕಿದರಾಯ್ತು, ಡಿಸ್ಕು ಯಾಕೆ' ಎನ್ನುವವರಿಗೆ ಒಂದೇ ಮಾತು. 576 ಸಾಲಿನದನ್ನು ಹಾಗೇ ಏರಿಸಿದರೆ ಅಲ್ಲಿಯೂ ಸೆಕೆಂಡಿನ 50 ಗಳಿಗೆ 25 ಆಗುತ್ತದೆ. 720 ಸಾಲು ಮತ್ತು ಅದರ ಮೇಲಿನದಕ್ಕೆ ಮಾತ್ರ ಅಲ್ಲಿ 50ರ ಓಟ. ಮೇಲೆ ಹಿಂಡುವಿಕೆ ಬೇರೆ. ಊರವರು ನೋಡಲಿ ಎಂದು ಹಾಕಿ, ಬೇಡ ಎನ್ನುವುದಿಲ್ಲ. ಉಳಿಸಲು ಮಾತ್ರ ಬೇರೆ ದಾರಿ ಬೇಕು. ಬ್ಲೂರೇ ಪ್ಲೇಯರ್ ನಮ್ಮ ಕಡೆ ಅಪರೂಪ, ಒಪ್ಪುತ್ತೇನೆ. ಕಂಪ್ಯೂಟರಿಗೆ ಜೋಡಿಸುವ ಡ್ರೈವ್ ಸಾಕು. ಹೊತ್ತು ಮಾತ್ರ ಕಡಿಮೆ ಇದೆ. ಕೊನೆಯ ವಿಸಿಆರ್ ತಯಾರಕ ಜಪಾನಿನ ಫುನೈ 2016ರ ಜುಲೈಯಲ್ಲಿ ಕೈಬಿಟ್ಟಿತು. ಖಾಲಿ ಬ್ಲೂರೇ ಡಿಸ್ಕು ಮಾಡುವುದನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಬೇರೆ ಕಂಪನಿಯವು ಇನ್ನೂ ಸಿಗುತ್ತವೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ತಗಡಿನ ಸೂರಿನ ಕೆಳಗಿಟ್ಟ ಕ್ಯಾಸೆಟ್ಟು ಎಷ್ಟು ವರ್ಷ ತಾಳೀತು?

ಒಂದು ವಿಷಯದಲ್ಲಿ ಎದುರಾಳಿಗಳು ಪೂರ್ತಿ ಸರಿ. ಎಸ್‌ಡಿ ಚಿತ್ರವನ್ನು ಹಿಗ್ಗಿಸಿ, ಕವರಿನ ಮೇಲೆ 'ಎಚ್‌ಡಿ ಕ್ವಾಲಿಟಿ' ಎಂದು ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿ ಮಾರುವುದು ಮೋಸ. ಅದನ್ನು ಮಾಡುವವರ ಪರ ನಾನು ನಿಲ್ಲುವುದಿಲ್ಲ. ಆದರೆ ಮೋಸ ಇರುವುದು ಕವರಿನಲ್ಲಿ, ಡಿಸ್ಕಿನಲ್ಲಲ್ಲ.

ಆ ಮೊಮ್ಮಗನಿಗೆ ಮೂಲ ಕ್ಯಾಸೆಟ್ಟಿನಿಂದ ಇಳಿಸಿಕೊಡುತ್ತೇನೆ ಎಂದು ಹೇಳಿ ಬಂದೆ. ಹದಿನೆಂಟರಲ್ಲಿ ಎರಡು ಕ್ಯಾಸೆಟ್ಟು ಓಡಲೇ ಇಲ್ಲ. ಒಂದರಲ್ಲಿ ನಡುನಡುವೆ ಚಿತ್ರ ಒಡೆದಿತ್ತು, ಒಡೆದಲ್ಲಿ ಒಡೆದ ಹಾಗೇ ಬಿಟ್ಟೆ. ಉಳಿದವನ್ನು ಕೂಡಿಸಿ, 720 ಸಾಲಿಗೆ ಬರೀ ಹಿಗ್ಗಿಸಿ, 50ರ ಓಟ ಉಳಿಸಿ ಎರಡು ಪದರದ ಡಿಸ್ಕಿಗೆ ಹಾಕಿದೆ. ಕ್ಯಾಸೆಟ್ಟಿನ ಮೂಲ ಫೈಲುಗಳನ್ನು ಬೇರೆ ಡಿಸ್ಕುಗಳಲ್ಲಿ ಇದ್ದ ಹಾಗೇ ಇಟ್ಟೆ. ಲ್ಯಾಪ್‌ಟಾಪು, ಡ್ರೈವು ಎರಡನ್ನೂ ಹೊತ್ತು ಹಳ್ಳಿಗೆ ಹೋಗಿ ಅವರ ಮನೆಯ ಟಿವಿಗೆ ಜೋಡಿಸಿದೆ. ಆಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ದೃಶ್ಯ ಬಂತು. ಚಿತ್ರ ಮೆದು, ಅಂಚು ಚೂಪಿಲ್ಲ, ಕತ್ತಲೆಯಲ್ಲಿ ಸಣ್ಣಗೆ ಕಾಳು ಕಾಳು. ರೊಟ್ಟಿ ಬಡಿಯುವ ಬಳೆಯ ಸದ್ದು ಸ್ಪಷ್ಟ. ಮಗಳು ಟಿವಿಯ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟರು, ಗದ್ದದ ಹತ್ತಿರ. "ಹಚ್ಚಿ ಹಾಕ್ಸಿಕೊಂಡಾಗ ಇದೊಂದು ಬೊಟ್ಟು ಸೊಟ್ಟ ಆತು ಅಂತಿದ್ಲು," ಎಂದರು. ನಾನು ಅದನ್ನು ಗಮನಿಸಿರಲಿಲ್ಲ. ನಿಜ, ಎಡಗಡೆಯದು ಕೊಂಚ ಕೆಳಗಿತ್ತು.

ಡಿಸ್ಕಿನ ಕವರಿನ ಮೇಲೆ ಊರ ಹೆಸರು, 2004, ಕ್ಯಾಮೆರಾದ ಹೆಸರು ಬರೆದು, ಕೆಳಗೆ ಹೀಗೆ ಸೇರಿಸಿ ಕೊಟ್ಟೆ: ಮೂಲ 576 ಸಾಲು, ಹಿಗ್ಗಿಸಿದೆ, ಬೇರೇನೂ ತುಂಬಿಲ್ಲ, ಏನನ್ನೂ ಒರೆಸಿಲ್ಲ.